‘ಸಣ್ಣ ಕೆಲಸ ಇದೆ ಅಷ್ಟೇ’ ಅಂದ ಬೋಟು ಕೊಳ್ಳಬೇಡಿ

“ಬೋಟು ಮಾರಾಟಕ್ಕಿದೆ. ಎಂಜಿನ್ ಗುಡ್ ಕಂಡೀಷನ್. ಸಣ್ಣ ಕೆಲಸ ಇದೆ ಅಷ್ಟೇ. ಅರ್ಜೆಂಟ್.”

ಮಳೆಗಾಲ ಹತ್ತಿರವಾದ ಹಾಗೆ ಕಾರವಾರ, ಅಂಕೋಲಾ ಕಡೆಯ ಫೋನುಗಳಲ್ಲಿ ಇಂಥ ಮೆಸೇಜು ಓಡಾಡುತ್ತವೆ. ಜೊತೆಗೆ ನಾಲ್ಕು ಫೋಟೊ. ಮೈಗೆಲ್ಲ ಹೊಸ ನೀಲಿ ಬಣ್ಣ, ಮುಂದುಗಡೆ ಹೂವಿನ ಮಾಲೆ. ಬೆಲೆಯೂ ಕೈಗೆ ಎಟಕುವಂಥದ್ದೇ. ಗೋವಾದಲ್ಲಿ ದುಡಿದು ನಾಲ್ಕು ಕಾಸು ಉಳಿಸಿದವನು, ಇನ್ನೊಬ್ಬರ ಬೋಟಿನಲ್ಲಿ ವರ್ಷಗಟ್ಟಲೆ ಕಲಾಸಿಯಾಗಿ ಬೆನ್ನು ಬಗ್ಗಿಸಿದವನು ಅದನ್ನು ನೋಡುತ್ತಾನೆ. ಸಂಜೆಯೊಳಗೆ ಅಡ್ವಾನ್ಸ್ ಕೊಟ್ಟಾಗಿರುತ್ತದೆ. ಮನೆಯವರಿಗೆ ಗೊತ್ತಾಗುವುದು ಮರುದಿನ.

ನಾವು ನೇರವಾಗಿಯೇ ಹೇಳುತ್ತೇವೆ. ಹೀಗೆ ಕೊಂಡವನು ಬೋಟು ಕೊಂಡಿಲ್ಲ, ಇನ್ನೊಬ್ಬನ ನಷ್ಟವನ್ನು ದುಡ್ಡು ಕೊಟ್ಟು ಮನೆಗೆ ತಂದಿದ್ದಾನೆ.

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಬೋಟು ಅಷ್ಟು ಚೆನ್ನಾಗಿದ್ದರೆ ಅವನು ಮೇ ತಿಂಗಳಲ್ಲೇ ಯಾಕೆ ಮಾರುತ್ತಾನೆ? ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಮತ್ತು 10 ಎಚ್‌ಪಿಗಿಂತ ಹೆಚ್ಚಿನ ಎಂಜಿನ್ ಇರುವ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಬೋಟಿನಿಂದ ಒಂದು ರೂಪಾಯಿ ಹುಟ್ಟುವುದಿಲ್ಲ, ಖರ್ಚು ಮಾತ್ರ ನಿಲ್ಲುವುದಿಲ್ಲ. ದಡಕ್ಕೆ ಎಳೆಯಬೇಕು, ಮಳೆಗೆ ಮುಚ್ಚಬೇಕು, ಹಲಗೆ ನೋಡಬೇಕು, ಎಂಜಿನ್ ಬಿಚ್ಚಬೇಕು. ಮಾರುವವನು ಈ ಖರ್ಚನ್ನೆಲ್ಲ ಲೆಕ್ಕ ಹಾಕಿಯೇ ಬೆಲೆ ಇಳಿಸಿರುತ್ತಾನೆ. ಆ ಲೆಕ್ಕ ಹಾಕದೆ ಇರುವವನು ಕೊಳ್ಳುವವನೊಬ್ಬನೇ.

ಒಂದು ಉದಾಹರಣೆ ಹಿಡಿಯೋಣ. 2 ಲಕ್ಷ ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯಲ್ಲಿ ತಂದಿರಿ ಎನ್ನಿ. ತಿಂಗಳಿಗೆ ಬಡ್ಡಿ 4 ಸಾವಿರ. ಮೇ, ಜೂನ್, ಜುಲೈ ಮುಗಿಯುವಾಗ ಬೋಟು ನೀರು ಮುಟ್ಟುವ ಮೊದಲೇ 12 ಸಾವಿರ ಹೋಯಿತು. ‘ಸಣ್ಣ ಕೆಲಸ’ ಮುಗಿಯುವುದು ಡಿಸೆಂಬರಿಗೆ ಹೋದರೆ 32 ಸಾವಿರ. ಇದು ಬರೀ ಬಡ್ಡಿ. ಹಲಗೆ, ಫೈಬರ್, ಎಂಜಿನ್ ಪಾರ್ಟ್ಸು, ಬಲೆ, ಆಚಾರಿಯ ಕೂಲಿ ಯಾವುದೂ ಇದರಲ್ಲಿ ಇಲ್ಲ. ಮಳೆಗಾಲ ಮುಗಿದ ಮೇಲಿನ ಒಳ್ಳೆಯ ಸೀಸನ್ ಕೈತಪ್ಪಿತಲ್ಲ, ಅದೂ ಇದರಲ್ಲಿ ಇಲ್ಲ.

ಇನ್ನು ‘ಸಣ್ಣ ಕೆಲಸ’ ಎಂದರೆ ಏನು ಅಂತ ನೋಡೋಣ.

ಮರದ ಬೋಟಿನ ದೊಡ್ಡ ಶತ್ರು ಕಣ್ಣಿಗೆ ಕಾಣುವುದಿಲ್ಲ. ಮರ ಕೊರೆಯುವ ಕಡಲಹುಳವನ್ನು ನಾವು ಹುಳ ಅನ್ನುತ್ತೇವೆ. ನಿಜವಾಗಿ ಅದು ಚಿಪ್ಪಿಕಲ್ಲಿನ ಬಳಗದ ಜೀವಿ. ಮರಿಯಾಗಿದ್ದಾಗ ಸೂಜಿಮೊನೆಯಷ್ಟು ತೂತು ಮಾಡಿ ಹಲಗೆಯೊಳಗೆ ಹೋಗುತ್ತದೆ. ಒಳಗೇ ಬೆಳೆಯುತ್ತ, ಉದ್ದಕ್ಕೂ ಕೊರೆಯುತ್ತ ಸಾಗುತ್ತದೆ. ಹೊರಗಿನಿಂದ ಗಟ್ಟಿಯಾಗಿ ಕಾಣುವ ಹಲಗೆ ಒಳಗೆ ಜೇನುಗೂಡಿನ ಹಾಗಾಗಿರುತ್ತದೆ. ಅದರ ಮೇಲೆ ಒಂದು ಕೈ ಬಣ್ಣ ಹೊಡೆದರೆ ಸೂಜಿಮೊನೆಯ ತೂತೂ ಮುಚ್ಚಿಹೋಯಿತು. ಫೋಟೊ ಚೆಂದ ಬಂತು.

ಇದಕ್ಕಿಂತ ಮೋಸದ್ದು, ಹಳೇ ಮರದ ಮೇಲೆ ಫೈಬರ್ ಹೊದಿಸಿ ‘ಫೈಬರ್ ಬೋಟು’ ಅಂತ ಮಾರುವುದು. ಒಣಗದ ಮರಕ್ಕೆ ಫೈಬರ್ ಹೊದಿಸಿದರೆ ನೀರು ಒಳಗೇ ಸಿಕ್ಕಿಕೊಂಡು ಮರ ಕೊಳೆಯುತ್ತದೆ, ಹೊರಗೆ ಮಾತ್ರ ಹೊಳಪು. ಕಬ್ಬಿಣದ ಮೊಳೆ, ಬೋಲ್ಟುಗಳೂ ಹಾಗೆಯೇ, ತಲೆ ಮಾತ್ರ ಉಳಿದು ಒಳಗೆ ತುಕ್ಕು ತಿಂದಿರುತ್ತದೆ. ಒಂದು ಹಲಗೆ ಬದಲಿಸಲು ಹೋದರೆ ಪಕ್ಕದ್ದು ಪುಡಿಯಾಗುತ್ತದೆ. ಅದನ್ನು ತೆಗೆದರೆ ಒಳಗಿನ ಅಡ್ಡಪಟ್ಟಿ ಕೈಗೆ ಬರುತ್ತದೆ. ಕೊನೆಗೆ ಬೋಟಿನ ಹೆಸರೊಂದು ಬಿಟ್ಟು ಎಲ್ಲ ಹೊಸದು ಹಾಕಬೇಕು.

ಉಪ್ಪಿನ ಗಾಳಿ ಏನು ಮಾಡುತ್ತದೆ ಎಂದು ನೋಡಬೇಕಾದರೆ ಕಾರವಾರದ ಟಾಗೋರ್ ಕಡಲತೀರಕ್ಕೆ ಹೋಗಿ. ಅಲ್ಲಿ ನೌಕಾಪಡೆಯಿಂದ ನಿವೃತ್ತಿಯಾದ ‘ಚಪಲ್’ ಯುದ್ಧನೌಕೆಯನ್ನು ಮ್ಯೂಸಿಯಂ ಮಾಡಿ ನಿಲ್ಲಿಸಿದ್ದಾರೆ. ಅದು ಮತ್ತೆ ನೀರಿಗಿಳಿಯುವುದಿಲ್ಲ, ಸುಮ್ಮನೆ ನಿಂತಿದೆ. ಆದರೂ ತುಕ್ಕು ಕೆರೆದು ಬಣ್ಣ ಬಳಿಯುವ ಖರ್ಚು ತಪ್ಪುವುದಿಲ್ಲ. ಅದರ ಹೆಸರು ಚಪಲ್, ನಮ್ಮದು ಚಪಲ. ಅದರ ಖರ್ಚಿಗೆ ಸರಕಾರ ಇದೆ. ನಿಮ್ಮ ಖರ್ಚಿಗೆ ಯಾರಿದ್ದಾರೆ?

ಯಾರು ಅಂತ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಎದ್ದು ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೋಗುವ ಹೆಂಡತಿ, ಅಮ್ಮ. ಸಾಲ ಎತ್ತಿದ್ದು ಅವರ ಸಂಘದ ಹೆಸರಲ್ಲಿ, ವಾರದ ಕಂತಿಗೆ ಉತ್ತರ ಹೇಳಬೇಕಾದವರೂ ಅವರೇ. ದಡದಲ್ಲಿ ಬಿದ್ದ ಬೋಟಿಗೆ ಗಂಡ ‘ಓನರ್’, ಸಾಲಕ್ಕೆ ಹೆಂಡತಿ ಓನರ್. ಇದು ಯಾವ ನ್ಯಾಯ?

ಕಾಗದಪತ್ರದ ಮಾತೂ ಇದೆ. ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ ಬಂದದ್ದು 1986ರಲ್ಲಿ. ಲೈಸೆನ್ಸು ಇಲ್ಲದೆ ಮೀನು ಹಿಡಿಯುವಂತಿಲ್ಲ. ನೋಂದಣಿ ನಿಮ್ಮ ಹೆಸರಿಗೆ ಆಗದೆ ತೆರಿಗೆ ವಿನಾಯಿತಿಯ ಡೀಸೆಲ್ ನಿಮ್ಮ ಹೆಸರಿನಲ್ಲಿ ಸಿಗದು, ವಿಮೆಯೂ ಕೈಗೆ ಬರದು. ಹಳೇ ಮಾಲೀಕನ ಬ್ಯಾಂಕ್ ಸಾಲ ಬೋಟಿನ ಮೇಲೆ ಹಾಗೇ ಇದ್ದರೆ ಬ್ಯಾಂಕಿನವರು ಹುಡುಕಿಕೊಂಡು ಬರುವುದು ಬೋಟು ಇರುವ ಕಡೆಗೆ. ಬಿಳಿ ಹಾಳೆಯ ಮೇಲೆ ಬರೆದ ಕರಾರು ಆಗ ಕೆಲಸಕ್ಕೆ ಬರುವುದಿಲ್ಲ.

‘ಮೀನು ಸಿಗದಿದ್ದರೆ ಟೂರಿಸ್ಟರನ್ನು ಕೂರಿಸ್ತೇನೆ’ ಅನ್ನುವವರೂ ಇದ್ದಾರೆ. ಅವರಿಗೆ ಒಂದೇ ದಿನ ನೆನಪಿಸುತ್ತೇವೆ: 2019ರ ಜನವರಿ 21. ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಕಾರವಾರದ ಎದುರಿಗೇ ಮಗುಚಿ 16 ಜನ ಸತ್ತರು. ಆ ದೋಣಿ ಹಳೆಯದು ಅಂತ ನಾವು ಹೇಳುತ್ತಿಲ್ಲ. ಎಷ್ಟು ಜನ ಹತ್ತಿದ್ದರು, ಲೈಫ್ ಜಾಕೆಟ್ ಎಲ್ಲಿತ್ತು ಎಂಬುದೇ ಅಂದಿನ ಪ್ರಶ್ನೆಯಾಗಿತ್ತು. ಅಂಥ ಕಡಲಲ್ಲಿ, ಒಳಗೆ ಹುಳ ತಿಂದ ದೋಣಿಗೆ ಊರವರ ಮಕ್ಕಳನ್ನು ಹತ್ತಿಸುವ ಧೈರ್ಯ ಯಾರಿಗೂ ಬೇಡ.

ಇಷ್ಟು ಓದಿದವರು ಒಂದು ಮಾತು ಕೇಳಿಯೇ ಕೇಳುತ್ತಾರೆ. “ಹಾಗಾದರೆ ಬಡವ ಬೋಟು ಮಾಡುವುದೇ ಬೇಡವಾ? ಸಾಯುವತನಕ ಇನ್ನೊಬ್ಬರ ಬಲೆಯನ್ನೇ ಎಳೆಯಬೇಕಾ?”

ಸರಿಯಾದ ಪ್ರಶ್ನೆ. ನಮ್ಮ ಹರಿಕಂತ್ರ, ಖಾರ್ವಿ, ಗಾಬೀತ, ಅಂಬಿಗರ ಮನೆಯ ಹುಡುಗರಿಗೆ ಸ್ವಂತ ಬೋಟಿನ ಆಸೆ ತಪ್ಪಲ್ಲ. ತಪ್ಪಾಗುವುದು ‘ಪೂರ್ತಿ ಬೋಟು ನನ್ನೊಬ್ಬನದೇ ಆಗಬೇಕು’ ಅನ್ನುವಲ್ಲಿ. ಕೊಳೆತ ಬೋಟಿನ ಹದಿನಾರಾಣೆಗಿಂತ ಗಟ್ಟಿ ಬೋಟಿನ ನಾಲ್ಕಾಣೆ ಪಾಲು ಮೇಲು.

ಇದು ನಮಗೆ ಹೊಸ ವಿಷಯ ಅಲ್ಲ. ರಾಂಪಣಿ ಬಲೆ ಎಳೆದ ಕಡಲತೀರ ಇದು. ಹತ್ತಾರು ಜನ ಎರಡೂ ಬದಿಯಲ್ಲಿ ನಿಂತು ಎಳೆಯುತ್ತಿದ್ದ ಆ ಬಲೆ ಒಬ್ಬನದಾಗಿರಲಿಲ್ಲ. ಬಲೆಗೆ ಇಷ್ಟು, ದೋಣಿಗೆ ಇಷ್ಟು, ಎಳೆದವರಿಗೆ ಇಷ್ಟು ಅಂತ ಪಾಲು. 1970ರ ದಶಕದ ಕೊನೆಯ ಹೊತ್ತಿಗೆ ಪರ್ಸಿನ್ ಬೋಟುಗಳು ಬಂದು ರಾಂಪಣಿ ಮೂಲೆ ಸೇರಿತು. ಬಲೆ ಮೂಲೆ ಸೇರಿದರೆ ಸೇರಲಿ, ಪಾಲಿನ ಬುದ್ಧಿ ಯಾಕೆ ಮೂಲೆ ಸೇರಬೇಕು? ನಾಲ್ಕು ಮನೆಯವರು ಸೇರಿ, ಬರೆದು ಸಹಿ ಮಾಡಿ, ಒಂದು ಒಳ್ಳೇ ದೋಣಿ ಮಾಡಬಹುದು.

ಸರಕಾರದ ದಾರಿಯನ್ನೂ ಕೇಳಿ ನೋಡಿ. 2020ರಲ್ಲಿ ಶುರುವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಂಪ್ರದಾಯಿಕ ಮೀನುಗಾರರ ಹೊಸ ದೋಣಿ, ಬಲೆಗೆ ನೆರವು ಇಟ್ಟಿದ್ದಾರೆ. ಯೋಜನೆ ನಿಗದಿ ಮಾಡಿದ ವೆಚ್ಚದಲ್ಲಿ ಸಾಮಾನ್ಯ ವರ್ಗಕ್ಕೆ ಶೇಕಡ 40, ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳೆಯರಿಗೆ ಶೇಕಡ 60. ಕೇಳಿದವರಿಗೆಲ್ಲ ಸಿಗುವುದಿಲ್ಲ, ಓಡಾಟವೂ ಇದೆ. ಆದರೆ ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಎಂದು ಮೀನುಗಾರಿಕೆ ಇಲಾಖೆಯಲ್ಲಿ ಒಂದು ಸಲ ಕೇಳದೆ ಹಳೇ ಬೋಟಿಗೆ ದುಡ್ಡು ಸುರಿಯುವುದು ಮಾತ್ರ ಬೇಡ.

ಇಷ್ಟಾದ ಮೇಲೂ ಹಳೇದೇ ಕೊಳ್ಳುತ್ತೇನೆ ಅನ್ನುವವರು ಇಷ್ಟನ್ನಾದರೂ ಮಾಡಿ.

ಬೋಟನ್ನು ನೀರಲ್ಲೇ ನೋಡಿ ದುಡ್ಡು ಕೊಡಬೇಡಿ, ದಡಕ್ಕೆ ಎಳೆಸಿ ತಳ ನೋಡಿ. ಚೂಪಾದ ಮೊಳೆಯಿಂದ ಹಲಗೆ ಚುಚ್ಚಿ, ಸಲೀಸಾಗಿ ಇಳಿದರೆ ಅಲ್ಲಿಂದಲೇ ವಾಪಸ್ ಬನ್ನಿ. ಫೈಬರ್ ಆದರೆ ನಾಣ್ಯದಿಂದ ಉದ್ದಕ್ಕೂ ತಟ್ಟಿ ನೋಡಿ, ಟಣ್ ಅನ್ನದೆ ಡಬ್ ಅಂದ ಜಾಗದಲ್ಲಿ ಪದರ ಬಿಟ್ಟಿರುತ್ತದೆ.

ಎಂಜಿನನ್ನು ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದಾರಾ ಎಂದು ಮುಟ್ಟಿ ನೋಡಿ. ತಣ್ಣಗಿದ್ದಾಗಲೇ ನಿಮ್ಮೆದುರು ಸ್ಟಾರ್ಟ್ ಮಾಡಿಸಿ. ಆಯಿಲ್ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ನೀರು ಒಳಗೆ ಹೋಗಿದೆ.

ನಿಮ್ಮದೇ ಆಚಾರಿ, ನಿಮ್ಮದೇ ಮೆಕ್ಯಾನಿಕ್ ಬರಲಿ. ಮಾರುವವನು ಕರೆತಂದವರು ಬೇಡ. ಅವರು ಹೇಳಿದ ರಿಪೇರಿ ಖರ್ಚನ್ನು ದುಪ್ಪಟ್ಟು ಮಾಡಿ, ಆ ಮೊತ್ತ ಕೈಯಲ್ಲಿ ಇದ್ದರೆ ಮಾತ್ರ ಮುಂದಿನ ಮಾತು. ನೋಂದಣಿ, ಲೈಸೆನ್ಸು, ಸಾಲ ತೀರಿದ ಕಾಗದ ನೋಡದೆ ಅಡ್ವಾನ್ಸ್ ಬೇಡ. ರಿಪೇರಿ ಆಗುವತನಕ ಬೋಟು ಎಲ್ಲಿ ಇಡುತ್ತೀರಿ ಅಂತಲೂ ಯೋಚಿಸಿ. ಸೀಬರ್ಡ್ ಬಂದು ಎಷ್ಟೋ ದಂಡೆ ಹೋಯಿತು, ಉಳಿದ ದಂಡೆಗಾಗಿ ಕೇಣಿಯ ಮೀನುಗಾರರು ಬಂದರು ಯೋಜನೆಯ ವಿರುದ್ಧ ಬೀದಿಗಿಳಿದಿದ್ದಾರೆ. ಆ ಜಾಗ ಎದ್ದೇಳದ ಬೋಟುಗಳ ಗೋರಿ ಆಗಬಾರದು.

ಇಲಾಖೆಗೂ ಒಂದು ಮಾತು. ಬೋಟು ಕೈ ಬದಲಾಗುವ ಮೊದಲು ತಳ, ಎಂಜಿನ್ ತಪಾಸಣೆ ಆಗಬೇಕು. ಆ ವರದಿ, ಬೋಟಿನ ಮೇಲಿನ ಸಾಲ, ಲೈಸೆನ್ಸಿನ ವಿವರ ಕೊಳ್ಳುವವನಿಗೆ ಕನ್ನಡದಲ್ಲಿ ಫೋನಿನಲ್ಲೇ ಸಿಗಬೇಕು. ಮೀನುಗಾರರ ಸಹಕಾರ ಸಂಘಗಳು ಇದನ್ನು ಮುಂದಿನ ಸಭೆಯಲ್ಲೇ ಕೇಳಲಿ.

ಅಲ್ಲಿಯವರೆಗೆ, ‘ಅರ್ಜೆಂಟ್’ ಅಂದವನಿಗೆ ಒಂದೇ ಉತ್ತರ ಕೊಡಿ: “ಅಣ್ಣ, ನಿನಗೆ ಅರ್ಜೆಂಟು, ನನಗಲ್ಲ.”