ಸೂರು ಮರೆತ ಮನೆಗಳು

ಪುತ್ತೂರಿನಿಂದ ಪಾಣಾಜೆಯತ್ತ ಹೋಗುವ ಹಾದಿಯಲ್ಲಿ ಸಿಗುವ ಬೆಟ್ಟಂಪಾಡಿಯಂಥ ಊರುಗಳಲ್ಲಿ ಆಟಿಯ ಮಳೆಗೆ ಒಂದು ವಿಪರ್ಯಾಸ ಕಣ್ಣಿಗೆ ಬೀಳುತ್ತದೆ. ಅಜ್ಜ ಕಟ್ಟಿಸಿದ ಹೆಂಚಿನ ಮನೆಯ ಮಣ್ಣಿನ ಗೋಡೆ ಒಣಗಿರುತ್ತದೆ. ಮೊಮ್ಮಗ ಸಾಲ ಮಾಡಿ ಕಟ್ಟಿಸಿದ ಕಾಂಕ್ರೀಟ್ ಮನೆಯ ಗೋಡೆಗೆ ಪಾಚಿ ಹಿಡಿದಿರುತ್ತದೆ.

ಇದಕ್ಕೆ ಕಾರಣ ಮಾಡಿನ ಅಂಚಿನಲ್ಲಿದೆ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುವ ಈ ಸೀಮೆಯಲ್ಲಿ ಮುಳಿಹುಲ್ಲಿನ ಮಾಡೂ ಗೋಡೆಯಿಂದ ಸಾಕಷ್ಟು ಹೊರಚಾಚಿ ತಗ್ಗಿ ನಿಲ್ಲುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಹುಲ್ಲು ಹೋಗಿ ಹೆಂಚು ಬಂತು; ಆದರೆ ಸೂರು ಉಳಿಯಿತು. ಗಾಳಿಮಳೆಯ ಎರಚಲಿಗೆ ಜಗಲಿಯ ಸುತ್ತ ಮಡಲಿನ ತಟ್ಟಿ ಕಟ್ಟುವ ರೂಢಿಯೂ ಉಳಿಯಿತು. ಬಯಲುಸೀಮೆಯ ಮಾದರಿಯ ಚಪ್ಪಟೆ ತಾರಸಿ ಬಂದಾಗ ಮಾತ್ರ ನಾವು ಸೂರನ್ನೇ ಕೈಬಿಟ್ಟೆವು.

ಕಾಂಕ್ರೀಟನ್ನು ದೂರಿ ಫಲವಿಲ್ಲ. ಮರದ ಬೆಲೆ, ಮಂಗಗಳ ಕಾಟ, ವರ್ಷವರ್ಷವೂ ಹೆಂಚು ಕೈಯಾಡಿಸಲು ಜನ ಸಿಗದಿರುವುದು, ಇವೆಲ್ಲ ನಿಜವಾದ ಕಷ್ಟಗಳೇ. ಆದರೆ ಕಾಂಕ್ರೀಟಿಗೂ ಅಂಚು ಬೇಕು. ಸಜ್ಜೆಯ ತುದಿಗೆ ಬಂದ ನೀರು ನೇರವಾಗಿ ಕೆಳಗೆ ಬೀಳದೆ ಅದರ ಅಡಿಭಾಗಕ್ಕೆ ಅಂಟಿಕೊಂಡು ಗೋಡೆಯವರೆಗೆ ಹರಿಯುತ್ತದೆ. ಬಿರುಕಿನ ಮೂಲಕ ಕಬ್ಬಿಣವನ್ನು ಮುಟ್ಟಿದರೆ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಉಬ್ಬಿ ಗಾರೆಯನ್ನು ಸಿಡಿಸುತ್ತದೆ. ಶಾಲೆಯ ಸಜ್ಜೆಯಿಂದ ಹೀಗೆ ಕಳಚುವ ತುಂಡು ಬೀಳುವುದು ಮಕ್ಕಳ ಓಡಾಟದ ಜಾಗದಲ್ಲಿ. ಇದನ್ನು ತಡೆಯಲು ಮೊದಲು ಬೇಕಾದುದು ಸಜ್ಜೆಯ ಅಡಿಯಲ್ಲಿ, ಅಂಚಿಗೆ ಸಮೀಪವಾಗಿ, ಬೆರಳಗಲದ ಒಂದು ಗಾಡಿ. ಅಲ್ಲಿಗೆ ಬಂದ ನೀರು ಮುಂದೆ ಸಾಗಲಾರದೆ ತೊಟ್ಟಿಕ್ಕುತ್ತದೆ. ಗಾರೆ ಮಾಡುವಾಗಲೇ ಎಳೆದರೆ ಇದಕ್ಕೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ.

ಇದನ್ನು ಮರೆತವರು ಕೆಲವೇ ವರ್ಷಗಳಲ್ಲಿ ತಾರಸಿಯ ಮೇಲೆ ತಗಡಿನ ಮಾಡು ಹಾಕಿಸುತ್ತಾರೆ. ಒಂದು ಮನೆಗೆ ಎರಡು ಮಾಡಿನ ವೆಚ್ಚ! ಆ ತಗಡೂ ಗೋಡೆಯ ಗೆರೆಗೇ ನಿಂತರೆ ಎರಚಲು ತಪ್ಪುವುದಿಲ್ಲ. ಅದು ಎರಡು ಮೂರು ಅಡಿ ಹೊರಚಾಚಬೇಕು, ಅಂಚಿಗೆ ದಂಬೆ ಬೇಕು. ಸಾವಿರ ಚದರಡಿಯ ಮಾಡಿನ ಮೇಲೆ ವರ್ಷಕ್ಕೆ ಬೀಳುವ ನೀರು 3 ಲಕ್ಷ ಲೀಟರಿಗೂ ಹೆಚ್ಚು. ಅಡಿಪಾಯವನ್ನು ಕೊರೆಯುವ ಆ ನೀರನ್ನು ಸೋಸಿ ಬಾವಿಗೆ ಇಳಿಸಿದರೆ ಬೇಸಿಗೆಗೆ ಆಸರೆಯಾದೀತು.

ಹಿಮ ಬೀಳುವ ನಾಡುಗಳಲ್ಲಿ ಸೂರಿನಂಚಿನಲ್ಲಿ ಕಟ್ಟಿದ ಮಂಜುಗಡ್ಡೆ ಕರಗಿದ ನೀರನ್ನು ತಡೆದು ಮನೆಯೊಳಕ್ಕೆ ನುಗ್ಗಿಸುತ್ತದೆ. ಅಮೆರಿಕದ ಅಂಥ ಪ್ರದೇಶಗಳ ಕಟ್ಟಡ ನಿಯಮಗಳು ಮಾಡಿನ ಅಂಚಿನಡಿಯಲ್ಲಿ ನೀರುತಡೆಯ ಪದರ ಇರಲೇಬೇಕೆನ್ನುತ್ತವೆ. ಅವರು ತಮ್ಮ ಹಿಮಕ್ಕೆ ತಕ್ಕಂತೆ ಕಟ್ಟುವಾಗ ನಾವು ನಮ್ಮ ಮಳೆಗೆ ತಕ್ಕಂತೆ ಕಟ್ಟಬಾರದೇಕೆ? ಕರಾವಳಿಯ ಶಾಲೆ, ಅಂಗನವಾಡಿಗಳ ನಕ್ಷೆಗೆ ಒಪ್ಪಿಗೆ ಕೊಡುವ ಮುನ್ನ ಇಲಾಖೆಗಳೂ, ಮನೆಗೆ ಪರವಾನಗಿ ಕೊಡುವ ಮುನ್ನ ಪಂಚಾಯಿತಿಗಳೂ ಸೂರು ಎಷ್ಟು ಚಾಚಿದೆ, ನೀರು ಎಲ್ಲಿಗೆ ಬೀಳುತ್ತದೆ ಎಂಬೆರಡು ಪ್ರಶ್ನೆಗಳನ್ನು ಕೇಳಲಿ. ಉತ್ತರ ನಕ್ಷೆಯಲ್ಲಿ ಇಲ್ಲವಾದರೆ ಅದನ್ನು ಮಳೆಗಾಲ ಗೋಡೆಯ ಮೇಲೆ ಬರೆಯುತ್ತದೆ.