ಶಿಲ್ಪ ಕಲಿಯಹೊರಟವನು ಯಾವ ಶಾಲೆಯನ್ನು ಸೇರಬೇಕು?

ಪಿ.ಯು.ಸಿ. ಮುಗಿಸಿದ ಹುಡುಗನಿಗೆ ಬಿ.ಎ. ಲೇಸೋ, ಬಿ.ಕಾಂ. ಲೇಸೋ ಎಂದು ಬುದ್ಧಿ ಹೇಳಲು ಊರಿನಲ್ಲಿ ಹತ್ತು ಮಂದಿ ಸಿಕ್ಕುತ್ತಾರೆ. ಅದೇ ಹುಡುಗ, "ನಾನು ವಿಗ್ರಹ ಕೆತ್ತುವುದನ್ನು ಕಲಿಯಬೇಕು, ಎಲ್ಲಿಗೆ ಹೋಗಲಿ?" ಎಂದರೆ ಹತ್ತು ಮಂದಿಯೂ ಸುಮ್ಮನಾಗುತ್ತಾರೆ. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳನ್ನು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನಾವೆಲ್ಲರೂ ಹಿಗ್ಗಿದೆವು. ಆದರೆ ಆ ವಿದ್ಯೆಯನ್ನು ಕಲಿಯುವ ದಾರಿ ಯಾವುದೆಂದು ಹೇಳಲಾರದವರಿಗೆ ಆ ಹಿಗ್ಗು ಎಷ್ಟರಮಟ್ಟಿಗೆ ಒಪ್ಪುತ್ತದೆ? ಪದವಿಯ ಕೊನೆಯ ವರ್ಷದಲ್ಲಿರುವ ನನ್ನನ್ನು ನಮ್ಮೂರಿನ ಕಿರಿಯರು ಇಂತಹ ಪ್ರಶ್ನೆಗಳನ್ನು ಕೇಳುವುದುಂಟು. ಆದುದರಿಂದ ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ವಾಚಕರ ಮುಂದಿಡುತ್ತೇನೆ.

ಸಾಂಪ್ರದಾಯಿಕ ಮೂರ್ತಿಶಿಲ್ಪವನ್ನು ಕಲಿಯುವುದೆಂದರೆ ಮೂರು ವಿದ್ಯೆಗಳನ್ನು ಕಲಿಯುವುದೆಂದೇ ಅರ್ಥ. ಮೊದಲನೆಯದು ಕೈ. ಬೇಲೂರಿನ ಬಳಪದ ಕಲ್ಲು ಗಣಿಯಿಂದ ಬಂದಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಶ್ರವಣಬೆಳಗೊಳದ ಗೊಮ್ಮಟನ ಕಲ್ಲು ಮೊದಲಿನಿಂದಲೂ ಗಟ್ಟಿ. ಒಂದಕ್ಕೆ ಹಿಡಿಯುವ ಉಳಿಯ ಪೆಟ್ಟು ಇನ್ನೊಂದಕ್ಕೆ ಹಿಡಿಯದು. ಜಕಣಾಚಾರಿಯ ವಿಗ್ರಹದಲ್ಲಿ ದೋಷವಿದೆಯೆಂದು ಮಗನು ತೋರಿಸಿದ, ಕಲ್ಲಿನೊಳಗಿಂದ ಕಪ್ಪೆ ಹೊರಬಂದಿತು ಎಂಬ ಕಥೆಯನ್ನು ಕೇಳದವರಿಲ್ಲ. ಕಥೆ ನಿಜವಾಗಲಿ, ಸುಳ್ಳಾಗಲಿ, ಅದರ ನೀತಿ ಸ್ಪಷ್ಟವಾಗಿದೆ: ಕಲ್ಲನ್ನು ಅರಿಯದವನು ಶಿಲ್ಪಿಯಲ್ಲ.

ಎರಡನೆಯದು ಶಾಸ್ತ್ರ. ಮೂರ್ತಿಯ ಮುಖದ ಉದ್ದವನ್ನು ಒಂದು ತಾಳವೆಂದು ಹಿಡಿದು, ತಾಳಕ್ಕೆ ಹನ್ನೆರಡು ಅಂಗುಲದಂತೆ ಇಡೀ ದೇಹವನ್ನು ಅಳೆಯುವ ಕ್ರಮ ನಮ್ಮಲ್ಲಿದೆ. ನವತಾಳದ ಮೂರ್ತಿಗೆ 108 ಅಂಗುಲ; ಉತ್ತಮ ದಶತಾಳಕ್ಕೆ 124. ಈ ಅಂಗುಲ ಅಂಗಡಿಯ ಅಳತೆಪಟ್ಟಿಯದಲ್ಲ. ಆಯಾ ಮೂರ್ತಿಯಿಂದಲೇ ಹುಟ್ಟುವ ಅಳತೆ. ಅದರಿಂದಲೇ ಅಂಗೈಯಗಲದ ವಿಗ್ರಹವೂ ಆಳೆತ್ತರದ ವಿಗ್ರಹವೂ ಒಂದೇ ಲಕ್ಷಣದಿಂದ ಶೋಭಿಸುತ್ತವೆ. ಸಮಭಂಗ, ತ್ರಿಭಂಗಗಳೆಂಬ ನಿಲುವುಗಳು, ಮುದ್ರೆ, ಆಯುಧಗಳು, ಧ್ಯಾನಶ್ಲೋಕಗಳು ಇವೆಲ್ಲ ಈ ಭಾಗಕ್ಕೆ ಸೇರಿದವು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮೇಣದ ಅಚ್ಚಿನಿಂದ ಲೋಹದ ವಿಗ್ರಹ ಎರಕ ಹೊಯ್ಯುವ ವಿಧಾನವೂ ಇದೆಯೆಂದ ಮೇಲೆ, ಶಾಸ್ತ್ರವು ಬರಿಯ ಪಾರಾಯಣಕ್ಕಲ್ಲವೆಂಬುದು ವೇದ್ಯವಾಗುತ್ತದೆ.

ಮೂರನೆಯದು ಕಣ್ಣು: ಜೀವಂತ ದೇಹವನ್ನು ನೋಡಿ ಬರೆಯುವುದು, ಜೇಡಿಮಣ್ಣಿನಲ್ಲಿ ರೂಪಿಸುವುದು, ಎಲುಬು ಸ್ನಾಯುಗಳ ರಚನೆಯನ್ನು ಅರಿಯುವುದು. ಮದರಾಸಿನಲ್ಲಿ 1850ರಲ್ಲಿಯೂ ಮುಂಬಯಿಯಲ್ಲಿ 1857ರಲ್ಲಿಯೂ ಹುಟ್ಟಿದ ಕಲಾಶಾಲೆಗಳ ಕಾಲದಿಂದ ನಮ್ಮಲ್ಲಿ ಬೆಳೆದುಬಂದ ಶಿಕ್ಷಣಕ್ರಮವಿದು.

ನಮ್ಮ ತೊಡಕೆಂದರೆ ಈ ಮೂರೂ ಒಂದೇ ಛಾವಣಿಯ ಕೆಳಗೆ ಸಮನಾಗಿ ಸಿಕ್ಕುವುದು ಅಪರೂಪ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನಂತಹ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜಿನಂತಹ ಸಂಸ್ಥೆಗಳಲ್ಲಿ ಪದವಿ ಸಿಕ್ಕುತ್ತದೆ, ಕಣ್ಣು ತೆರೆಯುತ್ತದೆ, ಆಧುನಿಕ ಕಲೆಯ ಪರಿಚಯವಾಗುತ್ತದೆ. ಆದರೆ ಅಲ್ಲಿಯ ಗುರಿ ತಾಳಮಾನದ ವಿಗ್ರಹವೊಂದೇ ಅಲ್ಲ. ಕಾರ್ಕಳದ ಮಿಯ್ಯಾರಿನಲ್ಲಿರುವ ಸಿ. ಇ. ಕಾಮತ್ ಸಂಸ್ಥೆ, ಬಿಡದಿಯ ಬಳಿ ಜೋಗರದೊಡ್ಡಿಯಲ್ಲಿರುವ ಕರಕುಶಲ ತರಬೇತಿ ಸಂಸ್ಥೆ ಇವು ಕೆನರಾ ಬ್ಯಾಂಕಿನ ಆಶ್ರಯದಲ್ಲಿ ಬೆಳೆದವು. ಅಲ್ಲಿಯೇ ಉಳಿದುಕೊಂಡು, ಶುಲ್ಕವಿಲ್ಲದೆ, ಸುಮಾರು 18 ತಿಂಗಳು ಉಳಿ ಸುತ್ತಿಗೆ ಹಿಡಿದು ಕಲಿಯುವ ಶಿಕ್ಷಣ ಅಲ್ಲಿಯದು. ಪದವಿಯ ಮಾತು ಅಲ್ಲಿಲ್ಲ. ತಮಿಳುನಾಡಿನ ಮಾಮಲ್ಲಪುರದಲ್ಲಿ 1957ರಲ್ಲಿ ಆರಂಭವಾದ ಸರ್ಕಾರಿ ಶಾಲೆ ಈಗ ವಾಸ್ತು ಮತ್ತು ಶಿಲ್ಪದ ಕಾಲೇಜಾಗಿದೆ. ಕಲ್ಲು, ಮರ, ಲೋಹ, ಗಾರೆಗಳಲ್ಲಿ ಶಾಸ್ತ್ರೋಕ್ತವಾಗಿ ಕಲಿಸಿ ಪದವಿಯನ್ನೂ ಕೊಡುವುದು ಅದರ ಹೆಚ್ಚಳ. ಕನ್ಯಾಕುಮಾರಿಯ 133 ಅಡಿಯ ತಿರುವಳ್ಳುವರ್ ಪ್ರತಿಮೆಯನ್ನು ರೂಪಿಸಿದ ಗಣಪತಿ ಸ್ಥಪತಿಯವರು ಬಹುಕಾಲ ಅದರ ಮುಖ್ಯಸ್ಥರಾಗಿದ್ದರು.

ಇಲ್ಲಿ ಕೆಲವರು ಆಕ್ಷೇಪಿಸಬಹುದು: "ಶಿಲ್ಪಕ್ಕೆ ಶಾಲೆಯೇಕೆ? ಅದು ರಕ್ತದಲ್ಲಿ ಬರಬೇಕು. ಅಯೋಧ್ಯೆಯ 51 ಅಂಗುಲದ ಬಾಲರಾಮನನ್ನು ಕಡೆದ ಮೈಸೂರಿನ ಅರುಣ್ ಯೋಗಿರಾಜ್ ಓದಿದ್ದು ಎಂ.ಬಿ.ಎ. ಅಲ್ಲವೆ?" ಮಾತು ನಿಜ. ಆದರೆ ಅವರಿಗೆ ಮನೆಯೇ ಶಾಲೆಯಾಗಿತ್ತು; ತಂದೆ, ತಾತಂದಿರೇ ಗುರುಗಳಾಗಿದ್ದರು. ಬೇಲೂರಿನಲ್ಲಿ ಹೆಸರು ಬರೆಸಿಕೊಂಡ ಬಳ್ಳಿಗಾವೆಯ ದಾಸೋಜನಿಗೂ ಅವನ ಮಗ ಚಾವಣನಿಗೂ ಇದೇ ಭಾಗ್ಯವಿದ್ದಿತು. ಹೊಲ ಉಳುವವನ ಮಗನಿಗೆ, ಬೀಡಿ ಕಟ್ಟುವವಳ ಮಗಳಿಗೆ ಇಂತಹ ಮನೆಯಿಲ್ಲ. ಅವರಿಗೆ ಶಾಲೆಯೇ ತಾತನ ಮನೆಯಾಗಬೇಕು. ರಕ್ತದ ಮಾತನ್ನು ಒಪ್ಪಿಬಿಟ್ಟರೆ ಈ ವಿದ್ಯೆಯ ಬಾಗಿಲನ್ನು ನಾವೇ ಮುಚ್ಚಿದಂತಾಗುತ್ತದೆ. ತಿರುಮಕೂಡಲು ನರಸೀಪುರದ ಕನಕಾ ಮೂರ್ತಿಯವರು ಶಿಲ್ಪಿಗಳ ಮನೆತನದವರಲ್ಲ. ಹೆಣ್ಣಿಗೆ ಕಲ್ಲಿನ ಕೆಲಸವೆ ಎಂದು ಮೂಗೆಳೆಯುವವರಿದ್ದ ಕಾಲ ಅವರದು. ಆದರೂ ದೇವಲಕುಂದ ವಾದಿರಾಜರಂತಹ ಗುರು ದೊರೆತುದರಿಂದ ಹೊಯ್ಸಳ, ಚೋಳ ಶೈಲಿಗಳನ್ನು ಸಾಧಿಸಿ, ಜಕಣಾಚಾರಿ ಪ್ರಶಸ್ತಿಯನ್ನೂ ಪಡೆದು, 2021ರಲ್ಲಿ ತೀರಿಕೊಂಡರು. ವಿದ್ಯೆ ಕುಲವನ್ನು ಕೇಳುವುದಿಲ್ಲ, ಕೇಳುವವರು ನಾವು.

ಹಾಗಾದರೆ ಆಯ್ಕೆ ಹೇಗೆ? ಯಾವ ಶಾಲೆ ದೊಡ್ಡದು ಎಂದು ಕೇಳಬಾರದು. ನನ್ನಲ್ಲಿ ಯಾವುದು ಕಡಿಮೆ ಎಂದು ಕೇಳಿಕೊಳ್ಳಬೇಕು. ಶಿಲ್ಪಿಯ ಮನೆಯಲ್ಲಿ ಹುಟ್ಟಿ ಕೈ ಪಳಗಿದವನು ಕಣ್ಣನ್ನು ಬೆಳೆಸುವ ಕಾಲೇಜಿಗೆ ಹೋಗಲಿ. ದೇವಾಲಯ ನಿರ್ಮಾಣವನ್ನೇ ವೃತ್ತಿಯಾಗಿ ಹಿಡಿಯುವವನು ಮಾಮಲ್ಲಪುರದಂತಹ ಶಾಸ್ತ್ರಪ್ರಧಾನ ಸಂಸ್ಥೆಯನ್ನು ನೋಡಲಿ. ಬೋಧನೆಯ ಭಾಷೆಯನ್ನು ಮಾತ್ರ ಮೊದಲೇ ವಿಚಾರಿಸಲಿ. ಎರಡೂ ಇಲ್ಲದ ನಮ್ಮಂತಹವರ ಮನೆಯ ಮಕ್ಕಳು ಮೊದಲು ಕಾರ್ಕಳಕ್ಕೋ ಬಿಡದಿಗೋ ಹೋಗಿ ಕೈಯನ್ನು ಪರೀಕ್ಷಿಸಿಕೊಳ್ಳುವುದೇ ಲೇಸೆಂದು ನನ್ನ ದೃಢವಾದ ಅಭಿಪ್ರಾಯ. ಒಂದೂವರೆ ವರ್ಷದಲ್ಲಿ ಈ ಕೆಲಸ ತನಗೆ ಒಗ್ಗುವುದೋ ಇಲ್ಲವೋ ತಿಳಿಯುತ್ತದೆ. ತಂದೆಯ ಸಾಲ ಬೆಳೆಯುವುದಿಲ್ಲ. ಒಗ್ಗಿದರೆ ಆಮೇಲೆ ಪದವಿಗೆ ಸೇರಬಹುದು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಪದವಿಯ ಬೆಲೆ ಏನೆಂದು ನಾನು ಬಲ್ಲೆ. ಅದನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ಪದವಿ ಕೈಯ ಹಿಂದೆ ಬರಲಿ, ಕೈಯ ಬದಲಿಗೆ ಬಾರದಿರಲಿ ಎಂಬುದಿಷ್ಟೇ ನನ್ನ ಮಾತು.

ಯಾವ ಶಾಲೆಗೆ ಹೋದರೂ ಅರ್ಜಿ ತುಂಬುವ ಮೊದಲು ಒಂದು ದಿನ ಅಲ್ಲಿ ನಿಂತು ನೋಡುವುದು ಒಳ್ಳೆಯದು. ಗುರುಗಳು ತಾವೇ ಉಳಿ ಹಿಡಿಯುತ್ತಾರೆಯೆ? ವಿದ್ಯಾರ್ಥಿಯ ಕೈಗೆ ದಿನಕ್ಕೆ ಎಷ್ಟು ಹೊತ್ತು ಕಲ್ಲು ಸಿಕ್ಕುತ್ತದೆ? ಹೆಣ್ಣುಮಕ್ಕಳಿಗೆ ಇರಲು ಸ್ಥಳವಿದೆಯೆ? ಕಲ್ಲಿನ ಧೂಳಿಗೆ ಏನು ಏರ್ಪಾಡು ಮಾಡಿದ್ದಾರೆ? ಕೊನೆಯ ಪ್ರಶ್ನೆಯನ್ನು ಹಗುರವಾಗಿ ಎಣಿಸಬಾರದು. ಗಟ್ಟಿ ಕಲ್ಲಿನ ನುಣ್ಣನೆಯ ಧೂಳು ಶ್ವಾಸಕೋಶವನ್ನು ಸೇರಿ ತರುವ ಸಿಲಿಕೋಸಿಸ್ ರೋಗಕ್ಕೆ ಗುಣವಿಲ್ಲ. ಯಂತ್ರದ ಗರಗಸ ಬಂದಮೇಲಂತೂ ಧೂಳು ಹೆಚ್ಚಿದೆ. ಮುಖಕ್ಕೆ ಮರೆಯನ್ನೂ, ಕಲ್ಲಿಗೆ ನೀರನ್ನೂ ಕೊಡದ ಶಾಲೆ ಎಷ್ಟೇ ಹೆಸರಾಂತದ್ದಾದರೂ ಒಳ್ಳೆಯ ಶಾಲೆಯಲ್ಲ.

ಪರಂಪರೆಯೆಂದರೆ ಹಳೆಯದರ ನಕಲು, ಅದಕ್ಕೆ ಶಾಲೆಯ ವೆಚ್ಚವೇಕೆ ಎನ್ನುವವರೂ ಇದ್ದಾರೆ. ಅವರು ಬೇಲೂರಿನ ಮದನಿಕೆಯರನ್ನು ಒಬ್ಬೊಬ್ಬಳನ್ನಾಗಿ ನೋಡಬೇಕು. ಅಳತೆಯ ಕಟ್ಟು ಒಂದೇ. ಕನ್ನಡಿ ಹಿಡಿದವಳ ಬೆಡಗು ಬೇರೆ, ಬೇಟೆಗೆ ನಿಂತವಳ ಬಿಂಕ ಬೇರೆ. ಛಂದಸ್ಸು ಕವಿಯನ್ನು ಕಟ್ಟಿಹಾಕದಂತೆ ತಾಳಮಾನವೂ ಶಿಲ್ಪಿಯನ್ನು ಕಟ್ಟಿಹಾಕಲಾರದು.

ನಮ್ಮ ಸರ್ಕಾರವು ಕೈ, ಶಾಸ್ತ್ರ, ಕಣ್ಣು ಈ ಮೂರನ್ನೂ ಒಂದೆಡೆ ಕೂಡಿಸಿ ಕನ್ನಡದಲ್ಲಿಯೇ ಕಲಿಸಿ ಪದವಿ ಕೊಡುವ ಪೂರ್ಣ ಪ್ರಮಾಣದ ಶಿಲ್ಪಶಾಲೆಯೊಂದನ್ನು ಕಟ್ಟಬೇಕು. 1995ರಿಂದ ಇರುವ ಶಿಲ್ಪಕಲಾ ಅಕಾಡೆಮಿ ಇದಕ್ಕಾಗಿ ಒತ್ತಾಯಿಸಿದರೆ ಉಚಿತವಾದೀತು. ಅಲ್ಲಿಯವರೆಗೆ ನಮ್ಮ ಅಧ್ಯಾಪಕರಲ್ಲಿ ನನ್ನದೊಂದು ವಿಜ್ಞಾಪನೆ: ಕಾಲೇಜಿನ ಪ್ರವಾಸ ಬೇಲೂರಿಗೆ ಹೋದಾಗ, ಅದೇ ಯಾತ್ರೆಯಲ್ಲಿ ಇಂತಹ ಒಂದು ಶಾಲೆಯ ಅಂಗಳಕ್ಕೂ ನಮ್ಮನ್ನು ಕರೆದೊಯ್ಯಿರಿ. ಒಂಬೈನೂರು ವರ್ಷಗಳ ಹಿಂದಿನ ಕೈಗಳನ್ನು ಹೊಗಳುವುದರ ಜೊತೆಗೆ ಇಂದು ಕಲಿಯುತ್ತಿರುವ ಕೈಗಳನ್ನೂ ನಾವು ನೋಡೋಣ. ನಮ್ಮಲ್ಲೊಬ್ಬರ ತಮ್ಮನಿಗೋ ತಂಗಿಗೋ ಅಲ್ಲಿ ದಾರಿ ಕಂಡೀತು.