ಗುರುಗ್ರಾಮದ ಕಚೇರಿ, ಪಾವಗಡದ ಹೊಲ

2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಭಾರತ ಮಂಟಪದಲ್ಲಿ ಜಿ–20 ಶೃಂಗಸಭೆ ನಡೆದಾಗ, ನಮ್ಮ ರಾಜಧಾನಿ ಜಗತ್ತಿನ ಮಾತುಕತೆಯ ಕೇಂದ್ರವಾಯಿತೆಂದು ಸಂಭ್ರಮಿಸಿದೆವು. ಆದರೆ ಶೃಂಗಸಭೆಯ ಆಯಸ್ಸು ಎರಡೇ ದಿನ. ಜಗತ್ತಿನ ಮಾತುಕತೆಯ ಊರೆಂದು ಜಿನೀವಾಕ್ಕೆ ಹೆಸರು ಬಂದದ್ದು ಅಲ್ಲಿ ನೆಲೆನಿಂತ ಸಂಸ್ಥೆಗಳಿಂದ. 1863ರಲ್ಲಿ ರೆಡ್‌ಕ್ರಾಸ್ ಅಲ್ಲೇ ಹುಟ್ಟಿತು. 1920ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಬಂದು ನೆಲೆಸಿತು. ವರ್ಷವಿಡೀ ನಡೆಯುವ ಸದ್ದಿಲ್ಲದ ಕೆಲಸವೇ ಆ ಊರಿನ ಬಂಡವಾಳ.

ಅಂಥ ಕೆಲಸ ದೆಹಲಿಗೆ ಹೊಸದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಪ್ರಾದೇಶಿಕ ಕಚೇರಿ ಇರುವುದು ಇಲ್ಲೇ. ಭಾರತವೂ ಸೇರಿ ಆಗ 11 ದೇಶಗಳಿದ್ದ ಈ ಪ್ರದೇಶ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ಹೊರಬಿದ್ದದ್ದೂ ಈ ನಗರದಲ್ಲೇ, 2014ರ ಮಾರ್ಚ್ 27ರಂದು. ಅದರ ಹಿಂದೆ ಮನೆಮನೆಗೆ ನಡೆದು ಹನಿ ಹಾಕಿದ ಲಕ್ಷಾಂತರ ಕಾರ್ಯಕರ್ತರ ದುಡಿಮೆಯಿತ್ತು. ಕಚೇರಿಯ ಕಡತ ಬೀದಿಯ ಬದುಕಿಗೆ ಬೆಸೆದುಕೊಂಡಾಗ ಇಂಥ ಗೆಲುವು ಸಾಧ್ಯ.

ಈಗ ಅದೇ ಮಟ್ಟದ ಇನ್ನೊಂದು ಅವಕಾಶ ದೆಹಲಿಗೆ ಅಂಟಿಕೊಂಡ ಗುರುಗ್ರಾಮದ ಗ್ವಾಲ್ ಪಹಾಡಿಯಲ್ಲಿದೆ. 2015ರ ಪ್ಯಾರಿಸ್ ಹವಾಮಾನ ಸಮ್ಮೇಳನದಲ್ಲಿ ಭಾರತ ಮತ್ತು ಫ್ರಾನ್ಸ್ ಘೋಷಿಸಿದ ಅಂತರರಾಷ್ಟ್ರೀಯ ಸೌರ ಒಕ್ಕೂಟದ ಕೇಂದ್ರ ಕಚೇರಿ ಅಲ್ಲಿದೆ. 2030ರೊಳಗೆ ಸೌರಶಕ್ತಿಗೆ ಒಂದು ಲಕ್ಷ ಕೋಟಿ ಡಾಲರ್ ಬಂಡವಾಳ ಒಗ್ಗೂಡಿಸುವುದು ಅದರ ಗುರಿ. ಸದಸ್ಯರಲ್ಲಿ ಆಫ್ರಿಕಾದ ಬಡ ದೇಶಗಳೂ, ಸಣ್ಣ ದ್ವೀಪರಾಷ್ಟ್ರಗಳೂ ಇವೆ. ಸಾಲ, ಬಡ್ಡಿ, ತಂತ್ರಜ್ಞಾನ ಎಲ್ಲವೂ ಅವಕ್ಕೆ ಬೇಕು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಸೌರಫಲಕ ನಿಲ್ಲುವ ನೆಲ ಯಾರದು?

ಈ ಪ್ರಶ್ನೆಗೆ ಕರ್ನಾಟಕದ ಬಳಿ ಅನುಭವದ ಉತ್ತರವಿದೆ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ ಐದು ಹಳ್ಳಿಗಳಲ್ಲಿ, ಸುಮಾರು 13 ಸಾವಿರ ಎಕರೆಯಲ್ಲಿ, 2,050 ಮೆಗಾವಾಟ್ ಸೌರ ಪಾರ್ಕ್ ಎದ್ದಿದೆ. ಸರ್ಕಾರ ಅಲ್ಲಿ ರೈತರ ಜಮೀನನ್ನು ಸ್ವಾಧೀನಪಡಿಸಿಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ ಎಂದು ನಿಗದಿಯಾಯಿತು. ಮಳೆ ನಂಬಿ ಶೇಂಗಾ ಬಿತ್ತಿ ಸೋತವರಿಗೆ ಅದೊಂದು ಖಾತ್ರಿ ಆದಾಯ. ಪಹಣಿಯಲ್ಲಿ ಹೆಸರೂ ಉಳಿಯಿತು. ಆದರೆ ಜಮೀನೇ ಇಲ್ಲದವರಿಗೆ ಗುತ್ತಿಗೆ ಹಣ ಬರಲಿಲ್ಲ, ಕೂಲಿಯೂ ಕೈತಪ್ಪಿತು. ಕುರಿ ಮೇಯಿಸುವವರಿಗೆ ಹುಲ್ಲುಗಾವಲು ಕಿರಿದಾಯಿತು.

ಈ ಲಾಭ ನಷ್ಟಗಳೆರಡೂ ಗ್ವಾಲ್ ಪಹಾಡಿಯ ಮೇಜಿಗೆ ತಲುಪಬೇಕು. ಕರ್ನಾಟಕ ಸರ್ಕಾರ ಪಾವಗಡದ ಬಗ್ಗೆ ಪ್ರಾಮಾಣಿಕ ವರದಿ ಸಿದ್ಧಪಡಿಸಿ, ಭೂಹೀನರ ಮಾತನ್ನೂ ಸೇರಿಸಿ, ಒಕ್ಕೂಟಕ್ಕೆ ಒಪ್ಪಿಸಲಿ. ಒಕ್ಕೂಟವೂ ಸಾಲದ ಷರತ್ತುಗಳಲ್ಲಿ ಕೂಲಿಕಾರರ, ಪಶುಪಾಲಕರ ಪಾಲನ್ನು ಬರೆಯುವಂತೆ ಸದಸ್ಯ ದೇಶಗಳನ್ನು ಒತ್ತಾಯಿಸಲಿ. ಬಡ ದೇಶಗಳು ಸಲಹೆ ಕೇಳಿಕೊಂಡು ತಾವಾಗಿ ಬರುವ ಊರಾದರೆ ಮಾತ್ರ ದೆಹಲಿಗೆ ಜಾಗತಿಕ ಮನ್ನಣೆ ಉಳಿಯುತ್ತದೆ. ಆ ನಂಬಿಕೆ ಗಳಿಸಲು ಬೇಕಾದ ಪಾಠ ನಮ್ಮ ನೆಲದಲ್ಲೇ ಇದೆ.